ಮೀನಿಗೆ ಮನೆ ಕಟ್ಟಿಕೊಟ್ಟ ಪುಣ್ಯಾತ್ಮರು

ಅರಭಾವಿಯಲ್ಲಿ ಕೂತು ಸಮುದ್ರದ ಬಗ್ಗೆ ಬರೆಯುವುದು ಸ್ವಲ್ಪ ಅಧಿಕಪ್ರಸಂಗವೇ. ನಮ್ಮೂರಿಂದ ಕಾರವಾರದ ದಂಡೆ ಸುಮಾರು 200 ಕಿಲೋಮೀಟರ್. ನಮ್ಮ ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲೇ, ಆದರೆ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಮೇಲಾಗಿ ನಮ್ಮ ಮನೆಯಲ್ಲಿ ಮೀನು ಬೇಯಿಸುವ ರೂಢಿಯಿಲ್ಲ. "ಮೀನ ತಿನ್ನಲಾರದಂವಾ ಮೀನಿನ ಬಗ್ಗೆ ಏನ ಬರೀತೀಪಾ?" ಅಂತ ಅವ್ವ ನಗುತ್ತಿದ್ದಾಳೆ. ಆದರೂ ಬರೆಯಬೇಕು. ಯಾಕಂದ್ರೆ ಉತ್ತರ ಕನ್ನಡದ ಒಂದು ದಂಡೆಯಾಚೆ ಸಮುದ್ರದ ತಳದಲ್ಲಿ ಒಂದಷ್ಟು ಸಿಮೆಂಟು ಬಿದ್ದಿದೆ. ಅದರಲ್ಲಿ ನನ್ನ ಕೈಯೂ ಇದೆ.

ಕಥೆ ಇಷ್ಟು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ ಕಂಪನಿ (ಹೆಸರು ಬೇಡ, ಇನ್ನೂ ಇಎಂಐ ಕಟ್ಟುವುದಿದೆ) ಕಾನೂನಿನ ಪ್ರಕಾರ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅನ್ನೋದು ನಿಮಗೂ ಗೊತ್ತಿರುತ್ತೆ. ಗಿಡ ನೆಟ್ಟು, ಶಾಲೆಗೆ ಬಣ್ಣ ಹೊಡೆದು, ಕೆರೆಯ ದಂಡೆಯಲ್ಲಿ ಗ್ಲೌಸ್ ಹಾಕಿಕೊಂಡು ಪ್ಲಾಸ್ಟಿಕ್ ಆರಿಸಿ ಬೇಸರವಾದ ಒಂದು ವರ್ಷ ಯಾರೋ "ಕೃತಕ ಬಂಡೆಸಾಲು" ಅಂದರು. ಹಾಳಾದ ಕಡಲಿನ ತಳದಲ್ಲಿ ಕಾಂಕ್ರೀಟಿನ ಆಕೃತಿಗಳನ್ನು ಇಳಿಸುವುದು, ಅದರ ಮೇಲೆ ಜೀವ ಹುಟ್ಟುವುದು, ಮೀನು ವಾಪಸ್ ಬರುವುದು. ಕೇಳುವುದಕ್ಕೇ ಎಷ್ಟು ಚಂದ! ಪ್ರಸ್ತಾವನೆಯ ಸ್ಲೈಡುಗಳನ್ನು ಮಾಡಿದ್ದು ನಾನು. ಮೊದಲ ಸ್ಲೈಡಿನ ಮೇಲೆ ದಪ್ಪಕ್ಷರದಲ್ಲಿ "ಮೀನಿಗೊಂದು ಮನೆ" ಅಂತ ಬರೆದವನೂ ನಾನೇ. ಹಣ ಮಂಜೂರಾಯಿತು.

ಇಳಿಸುವ ದಿನ ನಾವು ಹನ್ನೆರಡು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಹೋಗಿದ್ದೆವು. ಬಾರ್ಜಿನ ಮೇಲೆ ಕ್ರೇನು, ಆಕಾಶದಲ್ಲಿ ಡ್ರೋನು. ತ್ರಿಕೋನಾಕಾರದ ಕಾಂಕ್ರೀಟ್ ಚೌಕಟ್ಟುಗಳು ಒಂದೊಂದಾಗಿ ನೀರಿಗೆ ಮುಳುಗಿದಾಗ ಚಪ್ಪಾಳೆ ಹೊಡೆದೆವು. ನಮ್ಮನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿದ್ದ ಹಿರಿಯರು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಅರವತ್ತು ದಾಟಿದ ವಯಸ್ಸು, ಮೊದಲು ಬಲೆ ಹಾಕುತ್ತಿದ್ದವರು, ಈಗ ಪ್ರವಾಸಿಗರನ್ನು ಸುತ್ತಾಡಿಸುತ್ತಾರೆ. "ಹೇಗಿದೆ ಕಾಕಾ?" ಅಂತ ಕೇಳಿದೆ.

"ಮನೆ ಚಂದ ಉಂಟು ಸರ್. ಬಾಗ್ಲಿಗೆ ಬೀಗ ಇಲ್ಲ, ಅಷ್ಟೇ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೀನು ಹುಡ್ಕೂ ಕೆಲ್ಸ ಒಂದು ಉಳೀತು, ಬರೂರಿಗೆ," ಅಂದರು.

ಆಗ ನನಗೆ ಅರ್ಥವಾಗಲಿಲ್ಲ. ಮುದುಕರಿಗೆ ಎಲ್ಲದರಲ್ಲೂ ಹುಳುಕು ಕಾಣುತ್ತದೆ ಅಂದುಕೊಂಡು ಸೆಲ್ಫಿ ತೆಗೆಸಿಕೊಂಡೆ.

ಮೊದಲು ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಕೃತಕ ಬಂಡೆಸಾಲು ಅನ್ನುವುದು ಮೋಸವಲ್ಲ. ಜಪಾನಿನ ಮೀನುಗಾರರು ಶತಮಾನಗಳಿಂದ ಕಲ್ಲು ಇಳಿಸಿ ಮೀನು ಸೇರಿಸಿದ್ದಾರೆ. ಕೇರಳ, ತಮಿಳುನಾಡಿನ ಕಟ್ಟುಮರದ ಮೀನುಗಾರರು ಮರದ ಕೊಂಬೆ, ಕಲ್ಲು, ತೆಂಗಿನ ಗರಿ ಮುಳುಗಿಸಿ ತಮ್ಮದೇ ಗುಪ್ತ ಜಾಗಗಳನ್ನು ಮಾಡಿಕೊಂಡವರು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದ್ರೆ ಸಿಎಂಎಫ್‌ಆರ್‌ಐ, ದಶಕಗಳಿಂದ ಇದರ ಮೇಲೆ ಕೆಲಸ ಮಾಡಿದೆ. ತಳ ಬರೀ ಮರಳು ಇರುವಲ್ಲಿ ಗಟ್ಟಿ ವಸ್ತು ಒಂದು ಸಿಕ್ಕರೆ ಅದರ ಮೇಲೆ ಮೊದಲು ಪಾಚಿ, ಆಮೇಲೆ ಚಿಪ್ಪಿನ ಜೀವಿಗಳು, ಹುಳುಗಳು, ಅವುಗಳನ್ನು ತಿನ್ನಲು ಸಣ್ಣ ಮೀನು, ಸಣ್ಣದನ್ನು ತಿನ್ನಲು ಮುರು ಮೀನು, ಕೆಂಬೇರಿ. ಒಂದೆರಡು ವರ್ಷದಲ್ಲಿ ಕಾಂಕ್ರೀಟು ಅಂತ ಗುರುತೇ ಸಿಗದ ಹಾಗೆ ಆಗುತ್ತದೆ. ಇದು ನಿಜ.

ಸರ್ಕಾರವೂ ಇದನ್ನು ನಂಬಿದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ 10 ಕರಾವಳಿ ರಾಜ್ಯಗಳಿಗೆ 732 ಕೃತಕ ಬಂಡೆಸಾಲುಗಳು ಮಂಜೂರಾದವು. ಮೊತ್ತ 126 ಕೋಟಿ ರೂಪಾಯಿ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 42 ಮೀನುಗಾರ ಗ್ರಾಮಗಳ ಎದುರು, ಗ್ರಾಮಕ್ಕೆ 150ರಂತೆ 6300 ಕಾಂಕ್ರೀಟ್ ಆಕೃತಿಗಳನ್ನು ಇಳಿಸುವ ಕೆಲಸ 2023ರಲ್ಲಿ ವಿಳಿಂಜಂನಿಂದ ಶುರುವಾಯಿತು. ತ್ರಿಕೋನ, ಹೂವು, ಪೈಪು ಅಂತ ಮೂರು ಬಗೆ. ಹಾಗಾಗಿ ನಮ್ಮ ಕಂಪನಿ ಏನೋ ಹುಚ್ಚು ಸಾಹಸ ಮಾಡಿತು ಅಂತಲ್ಲ. ದೇಶವೇ ಹೊರಟ ದಾರಿಯಲ್ಲಿ ನಾವೂ ಟೀ ಶರ್ಟ್ ಹಾಕಿಕೊಂಡು ಹೊರಟಿದ್ದೆವು.

ಜಗಳ ಇರುವುದು ಕಾಂಕ್ರೀಟಿನ ಜೊತೆಗಲ್ಲ. ಅದರ ಮೇಲೆ ನಾವು ಬರೆಯುವ ಹೆಸರಿನ ಜೊತೆಗೆ. ನಾವದನ್ನು "ಪುನಶ್ಚೇತನ" ಅನ್ನುತ್ತೇವೆ. ಕಡಲನ್ನು ಹಾಳು ಮಾಡುತ್ತಿರುವ ಕೈಯನ್ನು ಹಿಡಿಯದೆ ತಳಕ್ಕೆ ಸಿಮೆಂಟು ಹಾಕಿದರೆ ಅದು ಪುನಶ್ಚೇತನ ಅಲ್ಲ. ಬಹಳ ಸಲ ಅದು ಬೇಟೆಗೆ ಅನುಕೂಲ ಮಾಡಿಕೊಡುವುದು.

ಆರು ತಿಂಗಳ ನಂತರ ನಮಗೊಂದು ವಿಡಿಯೊ ಬಂತು. ಮುಳುಗುಗಾರರು ತೆಗೆದದ್ದು. ತ್ರಿಕೋನಗಳ ಒಳಗೆ ಹೊರಗೆ ಬೆಳ್ಳಿಯ ಹಾಗೆ ಮೀನು. ಆಫೀಸಿನಲ್ಲಿ ಇಮೇಲಿನ ಮೇಲೆ ಇಮೇಲು, ಅಭಿನಂದನೆಯ ಮೇಲೆ ಅಭಿನಂದನೆ. "ಮೀನಿನ ಸಂಖ್ಯೆ ಗಣನೀಯವಾಗಿ ಹೆಚ್ಚಾಗಿದೆ" ಅಂತ ವರದಿಯಲ್ಲಿ ಒಂದು ಸಾಲು. ದಿನಾ ಡೇಟಾ ಡೇಟಾ ಅಂತ ಬಡಿದುಕೊಳ್ಳುವ ಕಂಪನಿ ಇದು. ಗುಂಡಿಯ ಬಣ್ಣ ನೀಲಿಯಿಂದ ಹಸಿರಾಗಬೇಕಾದರೂ ಎರಡು ವಾರ ಎ/ಬಿ ಟೆಸ್ಟ್ ಮಾಡುವವರು ನಾವು. ಯಾರಾದರೂ ಕೇಳಬೇಕಿತ್ತು: ಹೆಚ್ಚಾಗಿದೆ ಅಂದ್ರೆ, ಮೊದಲು ಎಷ್ಟಿತ್ತು? ಎರಡು ಕಿಲೋಮೀಟರ್ ಆಚೆ, ಸಿಮೆಂಟು ಬೀಳದ ಜಾಗದಲ್ಲಿ ಈಗ ಎಷ್ಟಿದೆ? ನಾನು ಕೇಳಿದೆ, ಬಹಳ ತಡವಾಗಿ. ಇಳಿಸುವ ಮೊದಲು ಯಾರೂ ಎಣಿಸಿರಲೇ ಇಲ್ಲ.

ಈ ಪ್ರಶ್ನೆ ನನ್ನದಲ್ಲ. ಮೀನು ವಿಜ್ಞಾನಿಗಳು ದಶಕಗಳಿಂದ ಇದನ್ನೇ ಕೇಳಿಕೊಂಡು ಬಂದಿದ್ದಾರೆ. ಬಂಡೆಸಾಲು ಹೊಸ ಮೀನನ್ನು ಹುಟ್ಟಿಸುತ್ತದೋ ಅಥವಾ ಸುತ್ತ ಚದುರಿದ್ದ ಮೀನನ್ನು ಒಂದೆಡೆ ಸೇರಿಸುತ್ತದೋ? ಜಾತ್ರೆಯ ದಿನ ಊರಿನ ಗುಡಿ ಮುಂದೆ ಸಾವಿರ ಜನ ಸೇರಿದರೆ ಊರಿನ ಜನಸಂಖ್ಯೆ ಹೆಚ್ಚಾಯಿತು ಅಂತ ಯಾರೂ ಅನ್ನುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ನಾವು ಹಾಗೆ ಅನ್ನುತ್ತೇವೆ. ಉತ್ತರ ಜಾಗದಿಂದ ಜಾಗಕ್ಕೆ, ಜಾತಿಯಿಂದ ಜಾತಿಗೆ ಬೇರೆ. ಕಾವಲು ಇದ್ದು ಹಿಡಿಯುವುದು ನಿಂತ ಕಡೆ ಮೀನು ನಿಜಕ್ಕೂ ಬೆಳೆದು ಮರಿ ಹಾಕುತ್ತದೆ. ಕಾವಲಿಲ್ಲದ ಕಡೆ, ಹತ್ತು ಕಡೆ ಹುಡುಕಬೇಕಿದ್ದ ಮೀನು ಒಂದೇ ಕಡೆ ಸಿಗುತ್ತದೆ. ಹಿರಿಯರು ಹೇಳಿದ ಬೀಗದ ಮಾತು ಇದೇ.

ಇದಕ್ಕೆ ದೂರ ಹೋಗುವುದು ಬೇಡ, ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. ಕಪ್ಪೆ ಬೊಂಡಾಸ ಗೊತ್ತಲ್ಲ? ಗೊತ್ತಿಲ್ಲದಿದ್ದರೆ ಮಂಗಳೂರಿನ ಗೆಳೆಯರನ್ನು ಕೇಳಿ. ಈ ಜೀವಿ ಮೊಟ್ಟೆ ಇಡಲು ತಳದಲ್ಲಿ ಏನಾದರೂ ಆಸರೆ ಹುಡುಕುತ್ತದೆ, ದ್ರಾಕ್ಷಿ ಗೊಂಚಲಿನ ಹಾಗೆ ಮೊಟ್ಟೆಗಳನ್ನು ಅದಕ್ಕೆ ಅಂಟಿಸುತ್ತದೆ. ಇದನ್ನು ಕಂಡುಕೊಂಡ ಮೀನುಗಾರರು ತೆಂಗಿನ ಹೊಂಬಾಳೆಗಳನ್ನು ಕಟ್ಟಿ, ಭಾರ ಹಾಕಿ ಸಮುದ್ರದಲ್ಲಿ ಬಿಟ್ಟರು. ಬೊಂಡಾಸ ಬಂತು, ರಾಶಿ ರಾಶಿ ಬಂತು. ಬಂದದ್ದನ್ನೆಲ್ಲ ಗಾಳ ಹಾಕಿ ಹಿಡಿದರು. ಬಂದದ್ದು ಯಾರು? ಮೊಟ್ಟೆ ಇಡಲು ಬಂದ ದೊಡ್ಡ ಗಾತ್ರದ ಬೊಂಡಾಸ, ಅಂದ್ರೆ ಮುಂದಿನ ವರ್ಷದ ಬೊಂಡಾಸವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವು. ಇಟ್ಟ ಮೊಟ್ಟೆಗಳೂ ಆ ಹೊಂಬಾಳೆ ಕಿತ್ತುಹೋದಾಗ, ಟ್ರಾಲ್ ಬಲೆಗೆ ಸಿಕ್ಕಾಗ ಹಾಳಾದವು. ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿ, ಇದು ಬೊಂಡಾಸದ ಸಂತತಿಗೇ ಅಪಾಯ ಅಂತ ಎಚ್ಚರಿಸಿದ್ದಾರೆ.

ಈಗ ಹೇಳಿ, ಆ ತೆಂಗಿನ ಹೊಂಬಾಳೆಗೂ ನಮ್ಮ ಕಾಂಕ್ರೀಟಿಗೂ ಏನು ವ್ಯತ್ಯಾಸ? ಎರಡೂ ಕೃತಕ ಆಸರೆ, ಎರಡಕ್ಕೂ ಜೀವ ಬಂದು ಸೇರುತ್ತದೆ. ಅದು ತೊಟ್ಟಿಲಾಗುತ್ತದೋ ಬೋನಾಗುತ್ತದೋ ಅನ್ನುವುದನ್ನು ನಿರ್ಧರಿಸುವುದು ಆಸರೆಯಲ್ಲ, ಅದರ ಸುತ್ತ ನಿಂತ ಮನುಷ್ಯ. ಹೊಂಬಾಳೆ ಹಾಕಿದವರನ್ನು ನಾವು "ದುರಾಸೆಯವರು" ಅನ್ನುತ್ತೇವೆ. ಅವರು ಕೊನೇಪಕ್ಷ ಮೀನು ಹಿಡಿಯಲು ಹಾಕಿದ್ದೇವೆ ಅಂತ ಒಪ್ಪಿಕೊಳ್ಳುತ್ತಾರೆ. ನಾವು ಮಾಡಿದ್ದೇನು? ಪತ್ರಿಕಾ ಪ್ರಕಟಣೆಯಲ್ಲಿ, ಪಾರದರ್ಶಕತೆಯ ಹೆಸರಿನಲ್ಲಿ, ಬಂಡೆಸಾಲಿನ ಅಕ್ಷಾಂಶ ರೇಖಾಂಶ ಸಮೇತ ನಕ್ಷೆ ಅಚ್ಚು ಹಾಕಿಸಿದೆವು. ಆ ನಕ್ಷೆ ಮಾಡಿದ್ದೂ ನಾನೇ. ಇವತ್ತು ಪ್ರತಿ ದೋಣಿಯಲ್ಲಿ ಜಿಪಿಎಸ್ ಇದೆ. ಮೀನುಗಾರ ತನ್ನ ಒಳ್ಳೆಯ ಜಾಗವನ್ನು ಸ್ವಂತ ಅಳಿಯನಿಗೂ ಹೇಳುವುದಿಲ್ಲ. ನಾವು ಬಣ್ಣದ ಪುಟದಲ್ಲಿ ಊರಿಗೆಲ್ಲ ಹಂಚಿದೆವು.

ಹಿರಿಯರಿಗೆ ಫೋನ್ ಮಾಡಿದೆ. "ಗಾಳದ ಬೋಟ್ನೋರು ಬಂದಿದ್ರು ಸರ್, ಹದ್ನೈದ್ ದಿನ ಅಲ್ಲೇ ಇದ್ರು. ಈಗ ಎಂತದೂ ಇಲ್ಲ. ಒಂದೆರಡು ಹರ್ದ ಬಲೆ ಸಿಕ್ಕಂಡ್ ನಿಂತದೆ," ಅಂದರು. ಕಾಂಕ್ರೀಟಿಗೆ ಸಿಕ್ಕಿಹಾಕಿಕೊಂಡ ನೈಲಾನ್ ಬಲೆ ಕೊಳೆಯುವುದಿಲ್ಲ. ಯಾರೂ ಎತ್ತದೆ ಬಿಟ್ಟರೆ ಅದು ತನ್ನಷ್ಟಕ್ಕೆ ಮೀನು ಕೊಲ್ಲುತ್ತಲೇ ಇರುತ್ತದೆ. ನಾವು ಕಟ್ಟಿಕೊಟ್ಟ ಮನೆಯ ಬಾಗಿಲಿಗೆ ಕೊನೆಗೆ ನೇತುಹಾಕಿದ ತೋರಣ ಅದು. ಕಂಪನಿಯ ವಾರ್ಷಿಕ ವರದಿಯಲ್ಲಿ ಮಾತ್ರ ಈಗಲೂ ಹಳೆಯ ವಿಡಿಯೊದ ಬೆಳ್ಳಿ ಮೀನುಗಳೇ ಹೊಳೆಯುತ್ತಿವೆ.

ಇನ್ನೊಂದು ಮಾತು. ನಾವು ಕಟ್ಟಿದ ಮನೆ ಯಾವ ಮೀನಿಗೆ? ಮುರು ಮೀನು, ಕೆಂಬೇರಿ ಬಂಡೆಯಲ್ಲಿ ವಾಸಿಸುವವು, ದುಬಾರಿಯವು. ನಾವು ರೆಸ್ಟೋರೆಂಟಿನಲ್ಲಿ ಬಿಲ್ ನೋಡದೆ ತಿನ್ನುವಂಥವು (ನೀವು ತಿನ್ನುವಂಥವು ಅನ್ನಬೇಕು, ಕ್ಷಮಿಸಿ). ಕರಾವಳಿಯ ಬಡವರ ತಟ್ಟೆಗೆ ಬೀಳುವುದು ಬೂತಾಯಿ ಮತ್ತು ಬಂಗುಡೆ. ಕಾರವಾರದ ಕಡೆ ಬೂತಾಯಿಗೆ ತಾರ್ಲೆ ಅಂತಾರೆ. ಇವು ತೆರೆದ ನೀರಿನಲ್ಲಿ ಹಿಂಡು ಹಿಂಡಾಗಿ ಅಲೆಯುವ ಮೀನು. ಇವಕ್ಕೆ ಮನೆಯೇ ಬೇಡ. ಇವಕ್ಕೆ ಬೇಕಾದ್ದು ಮರಿಯಾಗಿದ್ದಾಗ ಹಿಡಿಯದೆ ಬಿಡುವ ಒಂದು ಸಣ್ಣ ದಯೆ. ಆ ದಯೆಗೆ ಸಿಎಸ್‌ಆರ್ ಬಜೆಟ್ಟಿನಲ್ಲಿ ಕಾಲಂ ಇಲ್ಲ.

ಕಡಲು ಹಾಳಾದದ್ದು ಮನೆ ಇಲ್ಲದೆ ಅಲ್ಲ. ಹಾಳಾದ ಕಥೆ ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಈ ದಂಡೆಯಲ್ಲಿ ರಂಪಣಿ ಇತ್ತು. ದಡದಿಂದ ಹಾಕುವ ದೊಡ್ಡ ಬಲೆ, ಊರಿಗೆ ಊರೇ ಸೇರಿ ಎಳೆಯುವುದು, ಬಂದದ್ದನ್ನು ಪಾಲು ಮಾಡಿಕೊಳ್ಳುವುದು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಸುತ್ತುಹಾಕಿ ಎತ್ತಿಕೊಂಡವು, ರಂಪಣಿ ಮುಗಿಯಿತು. ಟ್ರಾಲ್ ಬೋಟುಗಳು ಸಮುದ್ರದ ತಳವನ್ನು ಗುಡಿಸಿದವು. ಹೊಲಕ್ಕೆ ದಿನಾ ಕುಂಟೆ ಹೊಡೆದರೆ ಅಲ್ಲಿ ಏನು ಬೆಳೆದೀತು? ಕಣ್ಣಿ ಸಣ್ಣದಾದ ಬಲೆಗೆ ಮರಿಗಳು ಸಿಕ್ಕವು. ಮಾರಲು ಬಾರದ ಆ ಮರಿಗಳು ಫಿಶ್ ಮೀಲ್ ಕಾರ್ಖಾನೆಗೆ ಹೋಗಿ ಪುಡಿಯಾದವು. ಆಮೇಲೆ ರಾತ್ರಿ ಎಲ್‌ಇಡಿ ಬೆಳಕು ಹಾಕಿ ಮೀನನ್ನು ಮರುಳು ಮಾಡಿ ಹಿಡಿಯುವುದು ಬಂತು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಬಂತು. ಈ ಎರಡನ್ನೂ 2017ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿತು. ನಿಷೇಧ ಜಾರಿ ಮಾಡಿ ಅಂತ ನಾಡದೋಣಿಯವರು ಇವತ್ತಿಗೂ ಪ್ರತಿಭಟನೆ ಮಾಡುತ್ತಾರೆ ಅಂದ್ರೆ ಜಾರಿ ಹೇಗಿದೆ ಅಂತ ನೀವೇ ಊಹಿಸಿ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರಿಂದ ಇದೆ. ದಂಡೆಯ ಹತ್ತಿರದ ನೀರು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲು ಅಂತ ಕಾನೂನಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ ಇದೆ. ಉಳಿದ 304 ದಿನ ಕಾಯುವವರು ಯಾರು?

ಕಾಯಲು ಬೇಕಾದ್ದು ಗಸ್ತು ದೋಣಿ, ಡೀಸೆಲ್ಲು, ಸಿಬ್ಬಂದಿ, ಬಲೆಯ ಕಣ್ಣಿ ಅಳೆಯುವ ಧೈರ್ಯ. ಇವ್ಯಾವೂ ಡ್ರೋನಿನಲ್ಲಿ ಚಂದ ಕಾಣುವುದಿಲ್ಲ. ದೊಡ್ಡ ಬೋಟುಗಳ ಮಾಲೀಕರನ್ನು ಎದುರು ಹಾಕಿಕೊಳ್ಳುವುದು ಯಾವ ಪಕ್ಷಕ್ಕೂ ಬೇಡ. ಕಾಂಕ್ರೀಟಿಗೆ ಯಾರ ವಿರೋಧವೂ ಇಲ್ಲ. ಗುತ್ತಿಗೆದಾರನಿಗೆ ಕೆಲಸ, ಅಧಿಕಾರಿಗೆ ಉದ್ಘಾಟನೆ, ಕಂಪನಿಗೆ ವಿಡಿಯೊ. ಕಾಂಕ್ರೀಟು ಇಷ್ಟು ಜನಪ್ರಿಯ ಆಗಿರುವುದು ಅದು ಯಾರನ್ನೂ "ನಿಲ್ಲಿಸು" ಅನ್ನುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ.

ಇದನ್ನು ನಾನು ಇಷ್ಟು ಖಾತ್ರಿಯಿಂದ ಹೇಳುವುದಕ್ಕೆ ಕಾರಣ ಅರಭಾವಿ.

ನಮ್ಮದು ಕಾಲುವೆ ಸೀಮೆ. ಬ್ರಿಟಿಷರ ಕಾಲದ ಧೂಪದಾಳ ಒಡ್ಡು, ಆಮೇಲೆ 51 ಟಿಎಂಸಿಯ ಹಿಡಕಲ್ ಜಲಾಶಯ. ನೀರು ಬಂತು, ಜೋಳ ಹೋಯಿತು, ಕಬ್ಬು ಬಂತು. ಊರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿದೆ. ಕಪ್ಪು ಮಣ್ಣಿಗೆ ಎಷ್ಟು ನೀರು ಬೇಕು ಅಂತ ಹೇಳುವವರಿಗೆ ಬರವಿಲ್ಲ. ಆದರೆ ಸರದಿ ಬಂದಾಗ ರಾತ್ರಿಯೆಲ್ಲ ನೀರು ಬಿಟ್ಟು ಮಲಗುವುದು ನಮ್ಮ ರೂಢಿ. ನಿಲ್ಲಿಸಿದರೆ ಮುಂದಿನವನಿಗೆ ಹೋಗುತ್ತದಲ್ಲ! ಕೆಳಗಿನ ನೀರು ಮೇಲೇರಿತು, ಮಣ್ಣಿನ ಉಪ್ಪನ್ನು ಹೊತ್ತುಕೊಂಡು ಬಂತು, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯಿತು. ಸವಳು ಜವಳು ಅಂತಾರೆ. ನಮ್ಮ ತಗ್ಗಿನ ಒಂದೂವರೆ ಎಕರೆ ಬೆಳ್ಳಗಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಿ ಕಬ್ಬು ಆಳೆತ್ತರ ಇತ್ತು. ಕಾಲೇಜು ಮುಗಿಸುವಷ್ಟರಲ್ಲಿ ಜಾಲಿ ಬೆಳೆದಿತ್ತು.

ಪರಿಹಾರ ಬಂತು. ಏನು ಪರಿಹಾರ? ಪೈಪು. ನೆಲದಡಿ ತೂತಿನ ಪೈಪು ಹಾಕಿ ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡುವುದು. ಒಳ್ಳೆಯ ವಿದ್ಯೆಯೇ, ಸರಿಯಾಗಿ ಮಾಡಿದ ಕಡೆ ಸತ್ತ ಭೂಮಿ ಎದ್ದು ಬಂದಿದೆ. ನಮ್ಮಲ್ಲೂ ಎರಡು ವರ್ಷ ಚೆನ್ನಾಗಿತ್ತು, ಫೋಟೊ ತೆಗೆದುಕೊಂಡು ಹೋದರು. ಮೇಲಿನ ಹೊಲಗಳಲ್ಲಿ ನೀರು ಬಿಡುವುದು ಕಡಿಮೆಯಾಗಲಿಲ್ಲ. ಬಸಿದ ನೀರು ಹೋಗಬೇಕಾದ ಹಳ್ಳದಲ್ಲಿ ಹೂಳು ತುಂಬಿತು, ಅದನ್ನು ತೆಗೆಸುವುದು ಯಾರ ಕೆಲಸವೂ ಆಗಿರಲಿಲ್ಲ. ಪೈಪಿನ ಬಾಯಿ ನೀರಲ್ಲೇ ಮುಳುಗಿತು. ಮೂರನೇ ಬೇಸಿಗೆಗೆ ಮತ್ತೆ ಬಿಳುಪು. ಅಪ್ಪ ಒಂದು ದಿನ ಬದುವಿನ ಮೇಲೆ ಕೂತು ಅಂದರು:

"ತಪ್ಪ ಪೈಪಿಂದಲ್ಲ ತಮ್ಮಾ. ನೀರ ಬಿಡೂದ ಬಿಡಲಾರದ ಪೈಪ ಹಾಕೀವಿ. ನಾನೂ ಬಿಟ್ಟೇನಿ, ಮ್ಯಾಲಿನವರಷ್ಟ ಅಲ್ಲ."

ಆ ಕೊನೆಯ ವಾಕ್ಯ ಹೇಳಲು ರೈತನಿಗೆ ಎಷ್ಟು ಕಷ್ಟ ಅಂತ ರೈತರ ಮಕ್ಕಳಿಗೆ ಗೊತ್ತು. ಇಡೀ ಸಿಎಸ್‌ಆರ್ ಉದ್ಯಮ ಇವತ್ತಿನವರೆಗೆ ಹೇಳದ ವಾಕ್ಯ ಅದು.

ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಪೆದ್ದುತನಗಳೂ ಆಗಿವೆ. ಅಮೆರಿಕದ ಫ್ಲಾರಿಡಾದಲ್ಲಿ 1972ರಲ್ಲಿ ಫೋರ್ಟ್ ಲಾಡರ್‌ಡೇಲ್ ಎದುರಿನ ಸಮುದ್ರಕ್ಕೆ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಹಾಕಿದರು. ಕಸವೂ ಕಳೆಯಿತು, ಮೀನಿಗೆ ಮನೆಯೂ ಆಯಿತು ಅಂತ ಲೆಕ್ಕ. ಕಟ್ಟಿದ್ದ ಪಟ್ಟಿಗಳು ತುಕ್ಕು ಹಿಡಿದು ಕಿತ್ತವು. ಟೈರುಗಳು ಅಲೆಗೆ ಉರುಳಿ ಪಕ್ಕದ ನಿಜವಾದ ಹವಳದ ದಿಬ್ಬವನ್ನೇ ಉಜ್ಜಿ ಹಾಳು ಮಾಡಿದವು. ಕೊನೆಗೆ ಸೇನೆಯ ಮುಳುಗುಗಾರರು ಬಂದು ಎತ್ತಬೇಕಾಯಿತು, ಇನ್ನೂ ಪೂರ್ತಿ ಮುಗಿದಿಲ್ಲ. ಕಾಂಕ್ರೀಟು ಟೈರಿಗಿಂತ ಎಷ್ಟೋ ಮೇಲು, ಒಪ್ಪೋಣ. ಆದರೆ ಹಾಕಿದ ಮೇಲೆ ಹೊಣೆ ಯಾರದು ಅನ್ನುವ ಪ್ರಶ್ನೆ ಟೈರಿಗೂ ಕಾಂಕ್ರೀಟಿಗೂ ಒಂದೇ.

ಸರಿಯಾಗಿ ಮಾಡಿದವರೂ ಇದ್ದಾರೆ. ಇಟಲಿಯ ತಲಮೋನೆ ಅನ್ನುವ ಊರಿನ ಮೀನುಗಾರ ಪಾವ್ಲೊ ಫಾಂಚುಲ್ಲಿ. ರಾತ್ರಿ ಕದ್ದು ದಂಡೆಯ ಹತ್ತಿರ ಟ್ರಾಲ್ ಎಳೆಯುವವರ ವಿರುದ್ಧ ವರ್ಷಗಟ್ಟಲೆ ಹೋರಾಡಿ ಸಾಕಾದ ಮೇಲೆ ಅವರು ಕರಾರಾದ ಅಮೃತಶಿಲೆಯ ಬಂಡೆಗಳನ್ನು ದಾನ ಪಡೆದು, ಶಿಲ್ಪಿಗಳಿಂದ ಕೆತ್ತಿಸಿ ಸಮುದ್ರದ ತಳದಲ್ಲಿ ಇರಿಸಿದರು. ಹೆಸರು "ಮೀನುಗಳ ಮನೆ" ಅಂತಲೇ. ನನ್ನ ಸ್ಲೈಡಿನ ಹೆಸರೂ ಹೆಚ್ಚೂಕಡಿಮೆ ಅದೇ ಆಗಿತ್ತು, ನಾಚಿಕೆಯಾಗುತ್ತದೆ. ವ್ಯತ್ಯಾಸ ಏನು ಅಂದ್ರೆ, ಆ ಮನೆಯ ಮೊದಲ ಕೆಲಸ ಕಳ್ಳ ಟ್ರಾಲ್ ಬಲೆ ಸಿಕ್ಕಿ ಹರಿಯುವ ಹಾಗೆ ಮಾಡುವುದು. ಅಂದ್ರೆ ಅದು ಬೇಲಿ. ಯಾರ ವಿರುದ್ಧ ಅಂತ ಹೇಳಿಯೇ ಹಾಕಿದ ಬೇಲಿ. ಹಾಕಿದವನು ಅಲ್ಲೇ ಬದುಕುವವನು, ಬೆಳಗಾದರೆ ಅದೇ ನೀರಿಗೆ ಇಳಿಯುವವನು. ನಮ್ಮದು ಹಾಕಿ, ಹೈವೇ ಹಿಡಿದು, ರಾತ್ರಿ ಊಟಕ್ಕೆ ಹುಬ್ಬಳ್ಳಿ ಮುಟ್ಟಿದವರ ಮನೆ.

"ಏನೂ ಮಾಡದೆ ಇರೋದಕ್ಕಿಂತ ಏನಾದ್ರೂ ಮಾಡೋದು ಒಳ್ಳೇದಲ್ವಾ?" ಅಂತ ನನ್ನ ತಂಡದ ಗೆಳತಿ ಕೇಳಿದಳು. ಒಳ್ಳೆಯ ಮನಸ್ಸಿನ ಹುಡುಗಿ, ಪ್ರಶ್ನೆಯೂ ಪ್ರಾಮಾಣಿಕ. ಆದರೆ ಉತ್ತರ: ಯಾವಾಗಲೂ ಅಲ್ಲ. "ಏನಾದ್ರೂ" ಮಾಡಿದ ಮೇಲೆ ಮಾಡಬೇಕಾದ್ದನ್ನು ಯಾರೂ ಕೇಳುವುದಿಲ್ಲ. ಪೈಪು ಹಾಕಿಯಾಗಿದೆಯಲ್ಲ ಅಂತ ನಮ್ಮಲ್ಲಿ ಹಳ್ಳದ ಹೂಳಿನ ಅರ್ಜಿ ಮೂಲೆ ಸೇರಿತು. ಬಂಡೆಸಾಲು ಹಾಕಿಯಾಗಿದೆಯಲ್ಲ ಅಂತ ಎಲ್‌ಇಡಿ ಬೆಳಕಿನ ದೂರು ಮೂಲೆ ಸೇರುತ್ತದೆ. ಒಂದು ಕೈಯಲ್ಲಿ ಮೀನಿಗೆ ಮನೆ ಕಟ್ಟುತ್ತಲೇ ಇನ್ನೊಂದು ಕೈಯಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಂಥ ಕಡೆ, ಕಡಲಾಮೆ ಮೊಟ್ಟೆಯಿಡುವ, ಮೀನು ಒಣಗಿಸುವ ದಂಡೆಯಲ್ಲೇ ಬಂದರು ಕಟ್ಟಲು ಹೊರಡುತ್ತೇವೆ. ಅಲ್ಲಿಯ ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಇದ್ದ ಮನೆ ಕೆಡವಿ ಇಲ್ಲದ ಮನೆ ಕಟ್ಟಿಕೊಡುವ ಈ ವ್ಯವಹಾರಕ್ಕೆ ಪುನಶ್ಚೇತನ ಅಂತ ಹೆಸರಿಡಲು ನಾಲಿಗೆ ಹೇಗೆ ಬರುತ್ತದೆ?

ಹಾಗಾದರೆ ಬಂಡೆಸಾಲು ಬೇಡವೇ? ಬೇಕು. ನನ್ನ ವಾದ ಬೇಡ ಅಂತಲ್ಲ. ಕೆಲವು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಬೇಕು. ನಾಳೆ ನಿಮ್ಮ ಕಂಪನಿಯಲ್ಲೂ ಯಾರೋ ಇದೇ ಸ್ಲೈಡು ತರುತ್ತಾರೆ, ಆಗ ಕೈ ಎತ್ತಿ ಕೇಳಿ. ಇದರ ಸುತ್ತ ಯಾರು ಮೀನು ಹಿಡಿಯಬಾರದು, ಎಷ್ಟು ದೂರ, ಎಷ್ಟು ಕಾಲ? ಅದನ್ನು ಕಾಯುವ ಹಕ್ಕು ಯಾವ ಊರಿನ ಮೀನುಗಾರರ ಸಂಘಕ್ಕೆ ಬರವಣಿಗೆಯಲ್ಲಿ ಕೊಟ್ಟಿದ್ದೀರಿ? ಇಳಿಸುವ ಮೊದಲು ಮೀನು ಎಣಿಸಿದ್ದೀರಾ, ಪಕ್ಕದ ಖಾಲಿ ಜಾಗದಲ್ಲೂ ಎಣಿಸುತ್ತೀರಾ? ಸಿಕ್ಕಿಕೊಂಡ ಬಲೆಯನ್ನು ಪ್ರತಿ ವರ್ಷ ತೆಗೆಯುವ ಹಣ ಎಲ್ಲಿದೆ? ಜಾಗ ಆರಿಸಿದ್ದು ಯಾರು, ಅಲ್ಲಿ ದಿನಾ ದೋಣಿ ಇಳಿಸುವವರೋ ಅಥವಾ ಗೂಗಲ್ ಮ್ಯಾಪ್ ತೆರೆದುಕೊಂಡು ಕೂತ ನನ್ನಂಥವನೋ? ಕಾಂಕ್ರೀಟಿಗೆ ಒಂದು ರೂಪಾಯಿ ಇಟ್ಟರೆ ಕಾವಲಿಗೆ ಎಷ್ಟು ಇಟ್ಟಿದ್ದೀರಿ? ಈ ಕೊನೆಯದಕ್ಕೆ ಉತ್ತರ "ಸೊನ್ನೆ" ಆಗಿದ್ದರೆ ಮೀಟಿಂಗ್ ಅಲ್ಲೇ ಮುಗಿಸಿ ಊಟಕ್ಕೆ ಹೋಗಿ. ಕಡಲಿಗೆ ಅಷ್ಟರಮಟ್ಟಿಗೆ ಉಪಕಾರವಾಗುತ್ತದೆ.

ಸೋಮವಾರ ನಮ್ಮಲ್ಲಿ ಎರಡನೇ ಹಂತದ ಮೀಟಿಂಗ್ ಇದೆ. ಇನ್ನಷ್ಟು ತ್ರಿಕೋನ ಇಳಿಸುವ ಪ್ರಸ್ತಾವ, ಈ ಸಲ ಒಂದರ ಮೇಲೆ ಕಂಪನಿಯ ಲೋಗೊ ಕೆತ್ತಿಸುವ ಸಲಹೆಯೂ ಇದೆಯಂತೆ. ಸ್ಲೈಡು ಮಾಡಲು ನನಗೇ ಹೇಳಿದ್ದಾರೆ. ಮಾಡುತ್ತಿದ್ದೇನೆ. ಮೊದಲ ಸ್ಲೈಡಿನಲ್ಲಿ ಮೀನಿನ ಚಿತ್ರ ಇಲ್ಲ. ಸಿಕ್ಕಿಕೊಂಡ ಬಲೆ ತೆಗೆಸಲು ಎಷ್ಟು ಖರ್ಚಾಗುತ್ತದೆ, ದೋಣಿಯ ಹಿರಿಯರಿರುವ ಊರಿನ ಸಂಘಕ್ಕೆ ಕಾವಲಿಗೆ ವರ್ಷಕ್ಕೆ ಎಷ್ಟು ಬೇಕು ಅನ್ನುವ ಲೆಕ್ಕ ಇದೆ. ಅವರನ್ನೇ ಕೇಳಿ ಬರೆದುಕೊಂಡದ್ದು. ಹಳೆಯ ನಕ್ಷೆಯನ್ನು ವೆಬ್‌ಸೈಟಿನಿಂದ ತೆಗೆಯಿರಿ ಅನ್ನುವ ಮನವಿ ಎರಡನೆಯದರಲ್ಲಿ. ಮೂರನೆಯದರಲ್ಲಿ ನಕ್ಷೆ ಮಾಡಿದ್ದು ನಾನು, ತಪ್ಪು ನನ್ನದೂ ಹೌದು ಅಂತ ಒಂದು ಸಾಲು. ಪಾಸಾಗುವುದು ಅನುಮಾನ.

ಅಪ್ಪ ಈಗಷ್ಟೇ ಹೊಲದಿಂದ ಬಂದರು. ಈ ವರ್ಷ ಮೇಲಿನ ಹೊಲದ ನಾಲ್ಕು ಮಂದಿಯನ್ನು ಕೂರಿಸಿಕೊಂಡು ರಾತ್ರಿ ನೀರು ಬಿಡುವುದನ್ನು ನಿಲ್ಲಿಸೋಣ ಅಂತ ಮಾತಾಡಿದ್ದಾರಂತೆ. ಇಬ್ಬರು ಒಪ್ಪಿದ್ದಾರೆ, ಇಬ್ಬರು ಇನ್ನೂ ಇಲ್ಲ. ನಾಳೆ ಬೆಳಿಗ್ಗೆ ಹಳ್ಳದ ಹೂಳು ತೆಗೆಯಲು ಗುದ್ದಲಿ ಹಿಡಿದು ಹೋಗುವವರು ಸದ್ಯಕ್ಕೆ ಮೂರು ಜನ. ನಾನು ಸೇರಿದರೆ ನಾಲ್ಕು.